ಚಾವಿ ತೆಗೆದರೂ ನಿಲ್ಲದ ಎಂಜಿನ್

ಚಾವಿ ಚಾಂದಪಾಶಾನ ಕೈಯಲ್ಲಿತ್ತು. ಎಂಜಿನ್ ಮಾತ್ರ ಓಡುತ್ತಲೇ ಇತ್ತು.

ಓಡುತ್ತಿತ್ತು ಅಂದರೆ ನಿಂತಲ್ಲೇ ಗುರುಗುಟ್ಟುತ್ತಿತ್ತು ಅಂದುಕೊಳ್ಳಬೇಡಿ. ಕಿರುಚುತ್ತಿತ್ತು. ಅವನ ಕಾಲು ಎಕ್ಸಿಲರೇಟರ್ ಮೇಲೆ ಇರಲೇ ಇಲ್ಲ, ನಾನೇ ಬಗ್ಗಿ ನೋಡಿದೆ. ಆದರೂ ಸದ್ದು ಏರುತ್ತಲೇ ಹೋಯಿತು. ಸೀಟು ನಡುಗಿತು, ಗಾಜು ನಡುಗಿತು, ನನ್ನ ಹಲ್ಲು ಕಟಕಟ ಅಂದವು. ಹಿಂದೆ ನೋಡಿದರೆ ರಸ್ತೆಯೇ ಕಾಣುತ್ತಿಲ್ಲ. ಬರೀ ನೀಲಿ ಹೊಗೆ.

ಕಳೆದ ಗುರುವಾರ, ಬೆಳಿಗ್ಗೆ ಹನ್ನೊಂದರ ಸುಮಾರು, ವಾಡಿಯ ಹೊರಗೆ ರೈಲ್ವೆ ಗೇಟು ಬಿದ್ದಿತ್ತು. ನಮ್ಮ ಟ್ರಕ್ಕಿನ ಮುಂದೆ ಒಂದು ಟಂಟಂ, ಅಂದರೆ ಶೇರ್ ಆಟೊ. ಅದರಲ್ಲಿ ಎಂಟೋ ಹತ್ತೋ ಹೆಣ್ಣುಮಕ್ಕಳು, ಒಬ್ಬಳ ತೊಡೆಯ ಮೇಲೆ ಕೂಸು. ಟ್ರಕ್ಕಿನಲ್ಲಿ ಹಿಂದೆ ತುಂಬಾ ಕಲ್ಲು. ಮುಂದೆ ನಾನು ಮತ್ತು ಚಾಂದಪಾಶಾ.

ಶಾಲೆಯ ಹೆಡ್‌ಮಿಸ್ಟ್ರೆಸ್ ಆದ ನಾನು ಟ್ರಕ್ಕಿನಲ್ಲಿ ಏನು ಮಾಡುತ್ತಿದ್ದೆ ಅಂತ ಕೇಳುತ್ತೀರಲ್ಲವೇ? ಹೇಳುತ್ತೇನೆ. ಟ್ರಕ್ಕು ನನ್ನ ತಮ್ಮ ಶರಣಪ್ಪನದು. ಚಾಂದಪಾಶಾ ಹನ್ನೊಂದು ವರ್ಷದಿಂದ ಅದರ ಡ್ರೈವರ್. ಸೇಡಂನಲ್ಲಿ ನಮ್ಮದೂ ತಮ್ಮನದೂ ಒಂದೇ ಮನೆ, ಒಂದೇ ಅಂಗಳ. ಬಾಡಿಗೆ ಇಲ್ಲದ ದಿನ ಟ್ರಕ್ಕು ಆ ಅಂಗಳದಲ್ಲೇ ನಿಲ್ಲುತ್ತದೆ. ಅಂಗಳಕ್ಕೆ ಹಾಸಿದ ಹಳೆಯ ಫರ್ಸಿ ಕಲ್ಲಿನ ಮೇಲೆ ಎಣ್ಣೆಯ ಕರಿ ಕಲೆ. ತೊಳೆದರೆ ಹೋಗದು, ಉಜ್ಜಿದರೆ ಹೋಗದು. ಕಲ್ಲನ್ನೇ ಬದಲಾಯಿಸೋಣ ಅಂತ ಹಟ ಹಿಡಿದವಳು ನಾನು. ಅವತ್ತು ರಜೆ ಹಾಕಿ ಶಹಾಬಾದ್ ಹತ್ತಿರದ ಭಂಕೂರಕ್ಕೆ ಹೋಗಿ, ಒಂದೊಂದು ಕಲ್ಲನ್ನೂ ಕೈಯಿಂದ ಸವರಿ ನೋಡಿ, ಆರಿಸಿ, ತುಂಬಿಸಿಕೊಂಡು ಬರುತ್ತಿದ್ದೆ. (ಬಸ್ಸಿನಲ್ಲಿ ವಾಪಸ್ ಬರಬಹುದಿತ್ತು. ಕಲ್ಲು ಒಡೆದಾವು ಅಂತ ಕಾವಲಿಗೆ ನಾನೇ ಕುಳಿತಿದ್ದೆ. ಎಂಥ ಕಾವಲು!)

ಗೇಟು ಬಿದ್ದಿದ್ದರಿಂದ ಚಾಂದಪಾಶಾ ಗಾಡಿ ನಿಲ್ಲಿಸಿ ಚಾವಿ ತಿರುವಿದ. ಎಂಜಿನ್ ನಿಲ್ಲಲಿಲ್ಲ. ಮತ್ತೆ ತಿರುವಿದ. ಚಾವಿಯನ್ನೇ ಹೊರಗೆಳೆದ. ಆಗಲೇ ಆ ಕಿರುಚಾಟ ಶುರುವಾಗಿದ್ದು.

ಅವನು ನನ್ನ ಕಡೆ ತಿರುಗಿ ಹೇಳಿದ. "ಅಕ್ಕಾರ, ಇಳೀರಿ."

ನನ್ನ ಕೈ ಬಾಗಿಲಿನ ಹಿಡಿಕೆ ಹುಡುಕುತ್ತಿತ್ತು. ಸಿಗಲಿಲ್ಲ. ಸಿಕ್ಕಿದ್ದರೂ ಅಷ್ಟು ಎತ್ತರದಿಂದ ಸೀರೆ ಉಟ್ಟುಕೊಂಡು ಹಾರುವವಳಾ ನಾನು? ಅಕ್ಕಪಕ್ಕದ ಬೈಕಿನವರು ಬೈಕು ಬಿಟ್ಟು ಓಡುತ್ತಿದ್ದರು. ಟಂಟಂನ ಹೆಣ್ಣುಮಕ್ಕಳು ಹಿಂತಿರುಗಿ ನಮ್ಮನ್ನೇ ನೋಡುತ್ತಿದ್ದರು. ಅವರಿಗೆ ಇಳಿಯಬೇಕು ಅಂತ ಇನ್ನೂ ಹೊಳೆದಿರಲಿಲ್ಲ.

"ಆಗಲ್ಲಾಂದ್ರ ಗಟ್ಟಿ ಹಿಡ್ಕೋರಿ" ಅಂದ.

ಮುಂದಿನದು ಎರಡು ಉಸಿರಿನಷ್ಟು ಹೊತ್ತು. ಅವನು ಕ್ಲಚ್ ಒತ್ತಿದ, ಕೊನೆಯ ಗೇರ್ ಹಾಕಿದ, ಬಲಗಾಲಿನಿಂದ ಬ್ರೇಕಿನ ಮೇಲೆ ಅಕ್ಷರಶಃ ಎದ್ದು ನಿಂತ. ಆಮೇಲೆ ಕ್ಲಚ್ ಬಿಟ್ಟುಬಿಟ್ಟ. ಟ್ರಕ್ಕು ಮುಂದಕ್ಕೆ ಜಿಗಿಯಿತು. ಹಿಂದೆ ಕಲ್ಲುಗಳು ದಡಬಡ ಅಂದವು. ನನ್ನ ಹಣೆ ಮುಂದಿನ ಡ್ಯಾಶ್‌ಬೋರ್ಡಿಗೆ ಬಡಿಯಿತು. ಏನೋ ಸುಟ್ಟ ವಾಸನೆ. ಮತ್ತೆ, ಒಮ್ಮೆಲೇ, ಏನೂ ಇಲ್ಲ. ನಿಶ್ಶಬ್ದ.

ಎಂಜಿನ್ ನಿಂತಿತ್ತು.

ಯಾರೋ ಹೊರಗಿನಿಂದ ಬಾಗಿಲು ತೆಗೆದು ನನ್ನನ್ನು ಇಳಿಸಿಕೊಂಡರು. ನಮ್ಮ ಟ್ರಕ್ಕಿನ ಬಂಪರಿಗೂ ಟಂಟಂಗೂ ನಡುವೆ ಉಳಿದಿದ್ದ ಜಾಗ ನೋಡಿದೆ. ನನ್ನ ಕೈಚೀಲ ಅಡ್ಡ ಇಟ್ಟರೆ ಅಷ್ಟೇ. ಕೂಸಿನ ತಾಯಿ ಕೆಳಗಿಳಿದು, ನನ್ನ ಹಣೆಯ ಬಾವು ನೋಡಿ, ತನ್ನ ಬಾಟಲಿಯ ನೀರು ಕೊಟ್ಟಳು. ಬೈಯಬೇಕಾದವಳು ನೀರು ಕೊಟ್ಟಳು. ಬಾಟಲಿ ಹಿಡಿದು ಅವಳೇ ಕುಡಿಸಿದಳು.

ಗೇಟು ತೆರೆದ ಮೇಲೆ ಇನ್ನೊಂದು ಕಲ್ಲಿನ ಟ್ರಕ್ಕಿನವರು ಹಗ್ಗ ಕಟ್ಟಿ ನಮ್ಮ ಗಾಡಿಯನ್ನು ವಾಡಿಯ ಬಸಣ್ಣ ಮಿಸ್ತ್ರಿಯವರ ಶೆಡ್ಡಿಗೆ ಎಳೆದು ತಂದರು. ಫೋನ್ ಮಾಡಿದ್ದಕ್ಕೆ ಶರಣಪ್ಪ ಸೇಡಂನಿಂದ ಬಂದ. ಬಂದವನು ನನ್ನ ಹಣೆ ನೋಡಿ ಗಾಬರಿಯಾದ, ಗಾಡಿ ನೋಡಿ ಇನ್ನೂ ಗಾಬರಿಯಾದ. ಶೆಡ್ಡಿನಲ್ಲಿ ನಿಂತವರು ಆಗಲೇ ತೀರ್ಪು ಕೊಟ್ಟಿದ್ದರು. ಎಂಜಿನ್ ಹೋಯಿತು, ಪೂರ್ತಿ ಬಿಚ್ಚಬೇಕು, ತಿಂಗಳುಗಟ್ಟಲೆ ಗಾಡಿ ನಿಲ್ಲುತ್ತದೆ.

ಬಸಣ್ಣ ಮಿಸ್ತ್ರಿ ಅರವತ್ತು ದಾಟಿದವರು. ಕಡಿಮೆ ಮಾತು. ಅವರು ಯಾರ ತೀರ್ಪಿಗೂ ಕಿವಿಗೊಡದೆ ಒಂದು ದಪ್ಪ ಪೈಪಿನ ಕ್ಲಿಪ್ ಸಡಿಲಿಸಿದರು. ಟರ್ಬೋದಿಂದ ಎಂಜಿನ್ನಿಗೆ ಗಾಳಿ ಹೋಗುವ ಪೈಪು ಅದು. ಬರೀ ಗಾಳಿ ಇರಬೇಕಾದ ಜಾಗ. ಅದರೊಳಗಿಂದ ಕರಿ ಎಣ್ಣೆ ಧಾರೆಯಾಗಿ ಸುರಿಯಿತು.

"ಇದು ಡೀಸೆಲ್ ಮ್ಯಾಲ ಓಡಿಲ್ರಿ" ಅಂದರು. "ತನ್ನ ಆಯಿಲ್ ತಾನೇ ಕುಡುದು ಓಡ್ಯಾದ. ಚಾವಿ ತೆಗದ್ರ ಡೀಸೆಲ್ ನಿಲ್ತದ. ಆಯಿಲ್ ಹ್ಯಾಂಗ ನಿಲ್ತದ?"

ಯಂತ್ರವೊಂದು ತನ್ನನ್ನೇ ಕುಡಿದುಕೊಂಡು ಓಡಬಲ್ಲದು ಅಂತ ನಿಮಗೆ ಗೊತ್ತಿತ್ತೇ? ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನನಗೆ ಗೊತ್ತಿರಲಿಲ್ಲ. ಮಿಸ್ತ್ರಿ ಹೇಳಿದ ಪ್ರಕಾರ ಇದು ನೂರಕ್ಕೊಮ್ಮೆ ಆಗುವ ಸಂಗತಿ. ಹೀಗಾದಾಗ ಬಹಳ ಡ್ರೈವರ್‌ಗಳು ಹಾರಿ ಓಡುತ್ತಾರಂತೆ. ಎಂಜಿನ್ ಒಡೆದು ಚೂರುಗಳು ಹಾರುವುದೂ ಉಂಟಂತೆ. ಕೊನೆಯ ಗೇರ್ ಹಾಕಿ ಉಸಿರು ಕಟ್ಟಿಸಿ ನಿಲ್ಲಿಸಬೇಕು ಅನ್ನುವುದು ಗೊತ್ತಿದ್ದವರಿಗೂ ಆ ಹೊತ್ತಿನಲ್ಲಿ ನೆನಪಾಗುವುದಿಲ್ಲವಂತೆ.

ಚಾಂದಪಾಶಾ ದೂರ ನಿಂತಿದ್ದ. ಹೊಗಳಿಕೆ ಅವನಿಗೆ ತಲುಪಿದ ಹಾಗೆ ಕಾಣಲಿಲ್ಲ.

ಆಯಿಲ್ ಗಾಳಿಯ ಪೈಪಿಗೆ ಯಾಕೆ ಬಂತು? ಅದು ಮಿಸ್ತ್ರಿಯವರ ಮುಂದಿನ ಪ್ರಶ್ನೆ. ಎಂಜಿನ್ನಿನ ಹೊಟ್ಟೆಯಲ್ಲಿ ಹುಟ್ಟುವ ಬಿಸಿ ಹೊಗೆ ಹೊರಗೆ ಹೋಗಲು ಒಂದು ದಾರಿ ಇರುತ್ತದಂತೆ. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಆಯಿಲ್ಲು ಸಿಕ್ಕ ಸಿಕ್ಕ ಸಂದಿಯಲ್ಲಿ ನುಗ್ಗುತ್ತದೆ. ಆ ದಾರಿಯನ್ನು ನೋಡಬೇಕು. ಆದರೆ ಈ ಮಾಡೆಲ್ಲಿನಲ್ಲಿ ಅದನ್ನು ಎಲ್ಲಿ ಇಟ್ಟಿದ್ದಾರೆ ಅಂತ ಅವರಿಗೂ ಗೊತ್ತಿರಲಿಲ್ಲ. ಹಳೆಯ ಗಾಡಿಗಳಲ್ಲಿ ಕಣ್ಣಿಗೆ ಕಾಣುವ ಹಾಗೆ ಇರುತ್ತಿತ್ತಂತೆ.

ಶರಣಪ್ಪ ಕ್ಯಾಬಿನ್ನಿನಿಂದ ಕಂಪನಿಯ ಪುಸ್ತಕ ತಂದು ನನ್ನ ಕೈಗಿಟ್ಟ. ದಪ್ಪ ಇಂಗ್ಲಿಷ್ ಪುಸ್ತಕ. ಒಂದು ಪುಟವೂ ಯಾರೂ ತಿರುವಿದ ಹಾಗಿರಲಿಲ್ಲ, ಹೊಸ ಪಠ್ಯಪುಸ್ತಕದ ವಾಸನೆ ಹಾಗೇ ಇತ್ತು. ಹಣೆಗೆ ಒದ್ದೆ ಬಟ್ಟೆ ಒತ್ತಿಕೊಂಡು ಹುಡುಕಿದೆ. ಸಿಕ್ಕಿತು. ಕ್ರ್ಯಾಂಕ್‌ಕೇಸ್ ವೆಂಟಿಲೇಶನ್ ವಾಲ್ವ್. ಜೋರಾಗಿ ಓದಿದೆ.

ಮಿಸ್ತ್ರಿ ಒಂದು ಕ್ಷಣ ನನ್ನ ಮುಖ ನೋಡಿ, "ಬ್ರೀದರ್ ಅನ್ರಿ ಮೇಡಮ್ಮೋರ" ಅಂದರು.

ಚಿತ್ರದಲ್ಲಿ ಅದಕ್ಕೊಂದು ನಂಬರ್ ಇತ್ತು. ಎಂಜಿನ್ನಿನ ಮೇಲ್ಮುಚ್ಚಳದ ಹಿಂಭಾಗ, ಡ್ರೈವರ್ ಕಡೆ, ಒಂದು ಲೋಹದ ತಗಡಿನ ಮರೆಯಲ್ಲಿ. ಕ್ಯಾಬಿನ್ನನ್ನು ಮುಂದಕ್ಕೆ ಬಗ್ಗಿಸಿದರು. ಟ್ರಕ್ಕು ತಲೆ ತಗ್ಗಿಸಿ ನಿಂತ ಹಾಗಾಯಿತು. ಮಿಸ್ತ್ರಿ ಗಾಡಿಯ ಚಾಸಿ ತೊಲೆಯ ಮೇಲೆ ಹತ್ತಿ, ತಗಡು ಬಿಚ್ಚಿ, ಕಾಣದ ಜಾಗಕ್ಕೆ ಕೈ ಇಳಿಸಿದರು. ನಾನು ಕೆಳಗಿನಿಂದ ಚಿತ್ರ ನೋಡಿ ಹೇಳುತ್ತಿದ್ದೆ. ಇನ್ನೂ ಹಿಂದಕ್ಕೆ, ಇನ್ನೂ ಸ್ವಲ್ಪ ಕೆಳಗೆ. ಕೊನೆಗೆ ಸಿಕ್ಕಿತು. ಮುಷ್ಟಿಯಷ್ಟು ದೊಡ್ಡ ಕರಿ ದುಂಡನೆಯ ಡಬ್ಬಿ. ಮೇಲೆ ನಾಲ್ಕು ಸ್ಕ್ರೂ. ಅದರಿಂದ ಒಂದು ರಬ್ಬರ್ ಪೈಪು ಚಾಸಿಯ ಒಳಮಗ್ಗುಲಿನಿಂದ ನೆಲದ ಕಡೆಗೆ ಇಳಿದಿತ್ತು.

ಮಿಸ್ತ್ರಿ ಇಳಿದು ಬಂದು, ಗಾಡಿಯ ಕೆಳಗೆ ಮಲಗಿ, ಪೈಪಿನ ತುದಿ ಹುಡುಕಿದರು. ಅವರ ಕೈ ಒಂದು ಕಡೆ ನಿಂತಿತು. ಕಟಿಂಗ್ ಪ್ಲಾಯರ್ ಕೇಳಿದರು. ತಂತಿ ಕತ್ತರಿಸಿದ ಸದ್ದು. ಹೊರಗೆ ಬಂದಾಗ ಅವರ ಅಂಗೈಯಲ್ಲಿ ಒಂದು ಕಟ್ಟಿಗೆಯ ಬಿರಡೆ ಇತ್ತು. ಅದಕ್ಕೆ ಬಟ್ಟೆ ಸುತ್ತಿ, ಪೈಪಿನ ಬಾಯಿಗೆ ಹೊಡೆದು, ಮೇಲೆ ತಂತಿ ಬಿಗಿಯಲಾಗಿತ್ತು.

"ಇದು ತಾನಾಗಿ ಕಟ್ಟಿಲ್ಲ" ಅಂದರು ಮಿಸ್ತ್ರಿ. "ಯಾರೋ ಕಟ್ಟ್ಯಾರ."

ಆ ಗಾಡಿಗೆ ಕೈ ಹಚ್ಚುವವರು ಇಬ್ಬರೇ. ಶರಣಪ್ಪ ಅಲ್ಲ ಅಂದರೆ ಇನ್ನು ಯಾರು? ಎಲ್ಲರೂ ಚಾಂದಪಾಶಾನ ಕಡೆ ನೋಡಿದರು. ಅವನು ನೆಲ ನೋಡುತ್ತಿದ್ದ.

"ನೀನೇ ಏನು?" ಅಂತ ಕೇಳಿದ ಶರಣಪ್ಪ.

"ಹೌದ್ರಿ."

"ಯಾಕ?"

ಅವನು ಬಗ್ಗಿ, ಕೆಳಗೆ ಬಿದ್ದಿದ್ದ ತಂತಿಯ ತುಂಡನ್ನು ಎತ್ತಿ ಪಕ್ಕಕ್ಕಿಟ್ಟ.

ನನ್ನ ತಮ್ಮ ಕೂಗಾಡುವವನಲ್ಲ. ಮೆಲ್ಲಗೇ ಹೇಳಿದ. ಹನ್ನೊಂದು ವರ್ಷ ಗಾಡಿ ಹೊಡೆದವನಿಗೆ ಇಷ್ಟು ತಿಳಿಯದಿದ್ದರೆ ಇನ್ನು ಅವನ ಕೈಯಲ್ಲಿ ಗಾಡಿ ಕೊಡುವುದು ಹೇಗೆ, ಇವತ್ತು ಅಕ್ಕ ಸತ್ತೇ ಹೋಗುತ್ತಿದ್ದಳು, ಟಂಟಂನಲ್ಲಿದ್ದವರ ಗತಿ ಏನಾಗುತ್ತಿತ್ತು. ಕೊನೆಗೆ, "ನಾಳಿಂದ ಬರಬ್ಯಾಡ" ಅಂದ.

ಚಾಂದಪಾಶಾ ಮುಷ್ಟಿ ಬಿಚ್ಚಿ ಚಾವಿ ಚಾಚಿದ. ಗೇಟಿನಲ್ಲಿ ಎಳೆದ ಚಾವಿ, ಅಲ್ಲಿಯವರೆಗೂ ಅವನ ಮುಷ್ಟಿಯಲ್ಲೇ ಇತ್ತು. ಅಂಗೈಯಲ್ಲಿ ಅದರ ಹಲ್ಲಿನ ಗುರುತು ಬಿದ್ದಿತ್ತು.

ನಾನು ಆ ಬಿರಡೆಯನ್ನು ನೋಡುತ್ತಿದ್ದೆ. ಮಿಸ್ತ್ರಿ ಬಟ್ಟೆ ಬಿಡಿಸಿ ಪಕ್ಕಕ್ಕಿಟ್ಟಿದ್ದರು. ಹೊರಗೆಲ್ಲ ಕರ್ರಗೆ. ಒಳಮಡಿಕೆಯಲ್ಲಿ ಮಾತ್ರ ಎಣ್ಣೆ ಪೂರ್ತಿ ಇಳಿದಿರಲಿಲ್ಲ. ಅಲ್ಲಿ ಹಳದಿ ಬಣ್ಣ, ಅಂಚಿಗೆ ನೇರಳೆ ಚೌಕಳಿ.

ಅದು ನನ್ನ ಸೀರೆ.

ಈಗ ಕೇಳಿ. ಮೂರು ವಾರದ ಹಿಂದೆ ಒಂದು ಬೆಳಿಗ್ಗೆ, ಶಾಲೆಗೆ ಹೊರಟಾಗ, ಅಂಗಳದಲ್ಲಿ ತಾಜಾ ಎಣ್ಣೆ ತುಳಿದು ಜಾರಿದ್ದೆ. ಬೀಳಲಿಲ್ಲ, ಆದರೆ ಚಪ್ಪಲಿ ಹಾಳಾಯಿತು, ಮೂಡು ಹಾಳಾಯಿತು. ಚಾಂದಪಾಶಾನನ್ನು ಕರೆದು ಬೈದೆ. ಅವನು ಹೇಳಿದ್ದ, ಬ್ರೀದರ್ ಪೈಪಿನಿಂದ ಹನಿ ಬೀಳುತ್ತಿದೆ, ಒಳಗೆ ಏನೋ ಕೆಟ್ಟಿದೆ, ಮಿಸ್ತ್ರಿಗೆ ತೋರಿಸಬೇಕು ಅಂತ. ನಾನು ಅವನ ಮಾತು ಮುಗಿಸಲು ಬಿಡಲಿಲ್ಲ. ಅದೆಲ್ಲ ನನಗೆ ಹೇಳಬೇಡ, ನಾಳೆಯಿಂದ ಅಂಗಳದಲ್ಲಿ ಒಂದು ಹನಿ ಬೀಳಬಾರದು ಅಂದೆ. ಕಲೆ ಒರೆಸಲು ಒಂದು ಹಳೆಯ ಸೀರೆ ಹರಿದು ಕೊಟ್ಟೆ. ಅವನು "ಆಯ್ತ್ರಿ ಅಕ್ಕಾರ" ಅಂದ.

ಮಾರನೆಯ ದಿನದಿಂದ ಒಂದು ಹನಿಯೂ ಬೀಳಲಿಲ್ಲ. ನನಗೆ ಎಷ್ಟು ಹೆಮ್ಮೆ ಅಂದರೆ, ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದ್ದೆ. ಕೆಲಸ ಮಾಡಿಸುವುದು ಹೇಗೆ ಅಂತ ಜೂನಿಯರ್ ಟೀಚರ್‌ಗಳಿಗೆ ಉದಾಹರಣೆ ಕೊಟ್ಟಿದ್ದೆ! (ಆ ಟೀಚರ್‌ಗಳೂ ಈ ಅಂಕಣ ಓದುತ್ತಾರೆ. ಓದಲಿ.)

ಇಷ್ಟೆಲ್ಲ ಒಂದೇ ಕ್ಷಣದಲ್ಲಿ ತಲೆಯಲ್ಲಿ ಓಡಿತು. ನಾನು ತಕ್ಷಣ ಬಾಯಿ ಬಿಟ್ಟೆ ಅಂತ ಬರೆಯಬೇಕೆಂಬ ಆಸೆ ಇದೆ. ಅದು ಸುಳ್ಳಾಗುತ್ತದೆ. ನಾನು ಸುಮ್ಮನಿದ್ದೆ. ಅವನು ಹೇಳಲಿಲ್ಲವಲ್ಲ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಅನ್ನುವ ಒಂದು ಯೋಚನೆ ನನ್ನೊಳಗೆ ಬಂದು ಕುಳಿತಿತು. ಎಷ್ಟು ಹೊತ್ತು? ಅರ್ಧ ನಿಮಿಷ ಇರಬಹುದು. ಶರಣಪ್ಪ ಚಾವಿ ತೆಗೆದುಕೊಂಡ. ಚಾಂದಪಾಶಾ ತನ್ನ ಟವೆಲ್ಲು, ಊಟದ ಡಬ್ಬಿ ತೆಗೆದುಕೊಳ್ಳಲು ಗಾಡಿಯ ಕಡೆ ನಾಲ್ಕು ಹೆಜ್ಜೆ ಇಟ್ಟ. ರೈಲ್ವೆ ಗೇಟಿನಲ್ಲಿ ಆದ ಗಾಬರಿ ಏನೂ ಅಲ್ಲ. ನನ್ನನ್ನು ನಿಜವಾಗಿ ಹೆದರಿಸಿದ್ದು ಆ ಅರ್ಧ ನಿಮಿಷ. ಅವನು ನನ್ನನ್ನು ಸಾವಿನಿಂದ ಉಳಿಸಿ ಮೂರು ತಾಸೂ ಆಗಿರಲಿಲ್ಲ.

"ಶರಣಪ್ಪ, ನಿಂದ್ರು" ಅಂದೆ. "ಕಟ್ಟಂತ ಹೇಳಿದಾಕಿ ನಾನು."

ಹೇಳುತ್ತಾ ಹೋದೆ. ಸೀರೆಯ ತನಕ ಎಲ್ಲ ಹೇಳಿದೆ. ತಮ್ಮ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ತಪ್ಪು ಯಾರದೇ ಇರಲಿ, ಮೊದಲು ಸಾಮಾನು ತರಿಸಿ ಅಂದರು ಬಸಣ್ಣ ಮಿಸ್ತ್ರಿ. ಡಬ್ಬಿಯನ್ನು ಬಿಚ್ಚಿ ತೋರಿಸಿದರು. ಒಳಗೆ ಹಪ್ಪಳದಷ್ಟು ತೆಳುವಾದ ರಬ್ಬರ್ ಪೊರೆ. ಬಿಸಿಗೆ ಸೆಟೆದು ಒಂದು ಕಡೆ ಹರಿದಿತ್ತು. ಹೊಗೆಯನ್ನು ಹೊರಗೆ ಬಿಟ್ಟು ಎಣ್ಣೆಯನ್ನು ಒಳಗೇ ತಡೆಯುವುದು ಆ ಡಬ್ಬಿಯ ಕೆಲಸವಂತೆ. ಅದು ಕೆಟ್ಟಿದ್ದಕ್ಕೇ ಅಂಗಳದಲ್ಲಿ ಹನಿ ಬೀಳುತ್ತಿದ್ದುದು. ಅಂದರೆ ಚಾಂದಪಾಶಾ ಅವತ್ತು ಹೇಳಿದ್ದು ಅಕ್ಷರಶಃ ಸರಿ. ಅವತ್ತೇ ಈ ಡಬ್ಬಿ ಬದಲಾಯಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ವಾಡಿಯಲ್ಲಿ ಆ ವಾಲ್ವ್ ಸಿಗಲಿಲ್ಲ. ಶಹಾಬಾದ್‌ನಲ್ಲಿ ಸಿಗಬಹುದು ಅಂದರು. ನಾನು ಹೊರಟೆ. ಚಾಂದಪಾಶಾನೂ ಹೊರಟ. ಯಾರೂ ಅವನಿಗೆ ಹೇಳಲಿಲ್ಲ, ಹಳೆಯ ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಟಂಟಂ ಹತ್ತಿದ.

ಶಹಾಬಾದ್‌ನಲ್ಲಿ ಸ್ಪೇರ್‌ಪಾರ್ಟ್ಸ್ ಅಂಗಡಿ ನಡೆಸುವವರು ನಸೀಮಾ ಆಪಾ ಅನ್ನುವ ಹೆಣ್ಣುಮಗಳು. ಪೇಪರ್ ಬಿಚ್ಚುವ ಮೊದಲೇ, ಆಕಾರ ನೋಡಿ, ಬ್ರೀದರ್ ವಾಲ್ವಾ ಅಂದರು. ಒಂದು ತಂದಿಟ್ಟರು. ನನಗೆ ಥೇಟ್ ಅದೇ ಅನ್ನಿಸಿತು, ತೆಗೆದುಕೊಂಡು ಹೊರಟೇಬಿಡುತ್ತಿದ್ದೆ. ಚಾಂದಪಾಶಾ ಎರಡನ್ನೂ ಪಕ್ಕಪಕ್ಕ ಇಟ್ಟು ತಿರುವಿ ನೋಡಿದ. ಹೊಸದರ ಪೈಪು ಕೂರಿಸುವ ಮೂತಿ ಎಡಕ್ಕಿತ್ತು, ನಮ್ಮದರದು ಬಲಕ್ಕೆ. ಅದನ್ನು ಹಾಕಿದ್ದರೆ ಪೈಪು ಮಡಚಿ ಮತ್ತೆ ದಾರಿ ಕಟ್ಟುತ್ತಿತ್ತು. ಈ ಸಲ ಅವನು ಬಾಯಿ ಬಿಟ್ಟು ಹೇಳಿದ, ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ಆಪಾ ಒಳಗೆ ಹೋಗಿ ಅಟ್ಟ ಹುಡುಕಿ ಸರಿಯಾದದ್ದನ್ನು ತಂದರು.

ವಾಪಸ್ ಬರುವಾಗ ಕೇಳಿದೆ. ಬಿರಡೆ ಹೊಡೆದರೆ ಹೀಗಾಗುತ್ತದೆ ಅಂತ ಗೊತ್ತಿತ್ತೇ?

ಇಷ್ಟಾಗುತ್ತದೆ ಅಂತ ಗೊತ್ತಿರಲಿಲ್ಲ ಅಂದ. ಒಳ್ಳೆಯದಲ್ಲ ಅಂತ ಗೊತ್ತಿತ್ತು. ಒಂದೆರಡು ದಿನ ಅಂತ ಕಟ್ಟಿದ್ದು, ಮಿಸ್ತ್ರಿಗೆ ತೋರಿಸಿ ತೆಗೆಯೋಣ ಅಂದುಕೊಂಡಿದ್ದ. ಚಿಂಚೋಳಿ ಕಡೆಗೆ ಬಾಡಿಗೆಯ ಮೇಲೆ ಬಾಡಿಗೆ ಬಂತು. ಉಳಿದುಹೋಯಿತು.

"ಹಂಗಾದ್ರ ನನಗ ಆಗಂಗಿಲ್ಲಂತ ಯಾಕ ಹೇಳಲಿಲ್ಲ?"

ಅವನು ಡಬ್ಬಿಯ ಪೇಪರನ್ನು ಇನ್ನೊಮ್ಮೆ ಬಿಗಿಯಾಗಿ ಸುತ್ತಿದ.

"ಒಮ್ಮಿ ಹೇಳಿದ್ನಲ್ರಿ ಅಕ್ಕಾರ" ಅಂದ. "ಎರಡನೇ ಸಲ ಹೇಳಿದ್ರ ಎದುರು ಮಾತಾಡಿದಂಗ ಆಗ್ತದ್ರಿ."

ಶೆಡ್ಡಿನಲ್ಲಿ ನನ್ನ ಹೆಸರು ಯಾಕೆ ಎತ್ತಲಿಲ್ಲ ಅಂತ ಕೇಳಲಿಲ್ಲ. ಕೇಳುವ ಮುಖ ಎಲ್ಲಿತ್ತು?

ಸಂಜೆಯೊಳಗೆ ಕೆಲಸ ಮುಗಿಯಿತು. ಮಿಸ್ತ್ರಿ ಡಬ್ಬಿ ಕೂರುವ ಜಾಗವನ್ನು ಡೀಸೆಲ್ ಬಟ್ಟೆಯಿಂದ ಒರೆಸಿ, ಹೊಸ ರಬ್ಬರ್ ರಿಂಗಿಗೆ ಬೆರಳಿನಿಂದ ಆಯಿಲ್ ಸವರಿ, ವಾಲ್ವ್ ಕೂರಿಸಿ, ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದರು. ಪೈಪು ಒಳಗೆ ಮೆತ್ತಗಾಗಿದ್ದರಿಂದ ಅದನ್ನೂ ಬದಲಾಯಿಸಿದರು. ಗಾಳಿಯ ಪೈಪುಗಳಲ್ಲಿದ್ದ ಎಣ್ಣೆಯನ್ನೆಲ್ಲ ಇಳಿಸಿದರು, ಟರ್ಬೋದ ಚಕ್ರವನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿದರು, ಆಯಿಲ್ ಹೊಸದು ಹಾಕಿದರು. ಕ್ಲಚ್ ಪ್ಲೇಟು ಸವೆದಿದೆ, ಸೇಡಂ ತನಕ ಹೋಗುತ್ತದೆ, ಆಮೇಲೆ ತೋರಿಸಿ ಅಂದರು. ಎಂಜಿನ್ ಮಾತ್ರ ಉಳಿದಿತ್ತು. ಅದು ನಿಲ್ಲುವುದು ಇನ್ನೊಂದು ನಿಮಿಷ ತಡವಾಗಿದ್ದರೆ ಉಳಿಯುತ್ತಿರಲಿಲ್ಲವಂತೆ.

ಈಗ ಚಾಲೂ ಮಾಡಬೇಕು. ಯಾರು ಮಾಡುವುದು? ನಿಂತವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಮತ್ತೆ ತಪ್ಪಿ ಓಡಿದರೆ ಗಾಳಿಯ ಬಾಯಿ ಮುಚ್ಚಲು ಅಂತ ಮಿಸ್ತ್ರಿ ದಪ್ಪ ಪ್ಲೈವುಡ್ ಹಲಗೆ ಹಿಡಿದು ಎಂಜಿನ್ ಪಕ್ಕ ನಿಂತರು. ಶರಣಪ್ಪ ಜೇಬಿನಿಂದ ಚಾವಿ ತೆಗೆದ. ಒಂದು ಕ್ಷಣ ಕೈಯಲ್ಲಿ ಹಿಡಿದುಕೊಂಡು ನಿಂತು, ಚಾಂದಪಾಶಾನ ಕಡೆ ಚಾಚಿದ.

"ನೀನೇ ಹಚ್ಚು" ಅಂದ. ಅಷ್ಟೇ. ಕ್ಷಮೆ ಅನ್ನುವ ಶಬ್ದ ನಮ್ಮ ಮನೆಯ ಗಂಡಸರ ಬಾಯಲ್ಲಿ ನಾನು ಕೇಳಿಲ್ಲ. ಇದು ಅದಕ್ಕೆ ಹತ್ತಿರದ್ದು.

ಎಂಜಿನ್ ಚಾಲೂ ಆಯಿತು. ಮೊದಲು ನೀಲಿ ಹೊಗೆ ಬಂತು. ಹೊಗೆ ತೆಳುವಾಯಿತು, ಹೋಯಿತು. ಚಾಂದಪಾಶಾ ಚಾವಿ ತಿರುವಿದ. ಎಂಜಿನ್ ನಿಂತಿತು. ಮತ್ತೆ ಹಚ್ಚಿದ, ಮತ್ತೆ ನಿಲ್ಲಿಸಿದ. ನಾಲ್ಕು ಸಲ. ಪ್ರತಿ ಸಲವೂ ನಿಂತಿತು. ಮಿಸ್ತ್ರಿ ನನ್ನನ್ನು ಕರೆದು ಪೈಪಿನ ತುದಿಗೆ ಅಂಗೈ ಹಿಡಿಯಲು ಹೇಳಿದರು. ಬಿಸಿಯಾದ ಮೆಲ್ಲನೆಯ ಗಾಳಿ ತಾಗಿತು. ಹನಿ ಇರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಇದು ಟ್ರಕ್ಕಿನ ಕಥೆಯಾಗುತ್ತಿತ್ತು.

ಶುಕ್ರವಾರ ಶಾಲೆಗೆ ಹೋದೆ. ಪ್ರಾರ್ಥನೆ ಮುಗಿದ ಮೇಲೆ ನನ್ನ ಕೋಣೆಗೆ ಹೋಗದೆ ಸುಮ್ಮನೆ ಶಾಲೆಯ ಸುತ್ತ ಒಂದು ಸುತ್ತು ಬಂದೆ. ಯಾಕೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಹಿಂದಿನ ಗೇಟಿನ ಹತ್ತಿರ ಬಂದು ನಿಂತೆ. ಗೇಟನ್ನು ಮೇಲಿನಿಂದ ಕೆಳಗಿನವರೆಗೆ ಕಬ್ಬಿಣದ ತಂತಿಯಿಂದ ಹೊಲಿದಿದ್ದರು. ಕೈಯಿಂದ ಬಿಚ್ಚಲು ಬರದ ಹಾಗೆ. ಏನಾದರೂ ಆದರೆ ಹಿಂದಿನ ಕೋಣೆಗಳ ಮಕ್ಕಳು ಹೊರಗೆ ಓಡಬೇಕಾದ ದಾರಿ ಅದೊಂದೇ.

ಶಾಲೆಯ ಜವಾನ ಭೀಮಣ್ಣನನ್ನು ಕರೆಸಿದೆ. ಯಾರು ಕಟ್ಟಿದ್ದು ಅಂದೆ.

"ನಾನೇರಿ ಮೇಡಂ. ಆಡು ಒಳಗ ಬಂದು ಗಿಡ ತಿಂತಾವ, ಒಂದ್ ಆಡೂ ಬರಬಾರ್ದು ಅಂದಿದ್ರಲ್ರಿ ನೀವು. ದೀಪಾವಳಿ ಹಿಂದ."

ಹೇಳಿದ್ದೆ. ನೆನಪಾಯಿತು. ಚಿಲಕ ಮುರಿದಿದೆ, ರಿಪೇರಿ ಮಾಡಿಸಬೇಕು ಅಂತ ಅವನು ಏನೋ ಹೇಳಲು ಬಂದಿದ್ದೂ ನೆನಪಾಯಿತು. ಫೋನಿನಲ್ಲಿದ್ದೆ, ಕೈ ಸನ್ನೆ ಮಾಡಿ ಕಳಿಸಿದ್ದೆ. ಅವನು ತಲೆಯಾಡಿಸಿ ಹೋಗಿದ್ದ. ಅವತ್ತಿನಿಂದ ಗೇಟು ಹಾಗೇ ಇತ್ತು. ನಾನು ದಿನಾ ಮುಂದಿನ ಗೇಟಿನಿಂದ ಬಂದು ಮುಂದಿನ ಗೇಟಿನಿಂದಲೇ ಹೋಗುತ್ತಿದ್ದೆ.

ತಂತಿಯನ್ನು ನಾವಿಬ್ಬರೂ ಸೇರಿ ಕತ್ತರಿಸಿದೆವು. ನನ್ನ ಬೆರಳು ಕೊಯ್ದುಕೊಂಡಿತು. ಭೀಮಣ್ಣ ಬಿಡಿರಿ ನಾನು ಮಾಡುತ್ತೇನೆ ಅಂದ. ಬಿಡಲಿಲ್ಲ.

ಹೊಸ ಕಲ್ಲುಗಳು ಇನ್ನೂ ಅಂಗಳದ ಮೂಲೆಯಲ್ಲಿ ಪೇರಿಸಿಟ್ಟಿವೆ. ಜೋಡಿಸಲು ಬಂದ ಗೌಂಡಿ ಇಳಿಜಾರು ಸರಿ ಇಲ್ಲ ಅಂದ. ಎಲ್ಲ ಕೆಲಸ ಬಿಟ್ಟು ಕುರ್ಚಿ ಹಾಕಿಕೊಂಡು ಕುಳಿತು ಅವನ ಮಾತನ್ನು ಕೊನೆಯವರೆಗೆ ಕೇಳಿದೆ. ಅವನಿಗೇ ಮುಜುಗರವಾಯಿತು ಅಂತ ಕಾಣುತ್ತದೆ.

ಮನೆಯಲ್ಲಿ, ಆಫೀಸಿನಲ್ಲಿ, ಅಂಗಡಿಯಲ್ಲಿ ನೀವೂ ಯಾರಿಗೋ ಏನೋ ಮಾಡಲು ಹೇಳುತ್ತಲೇ ಇರುತ್ತೀರಿ. ನಿಮಗೆ ಕೊನೆಯ ಸಲ "ಆಗಂಗಿಲ್ರಿ" ಅಂದವರು ಯಾರು, ನೆನಪಿದೆಯೇ?